ನಾಲ್ಕನೆಯ ಹೆಗಲು

ಪಂಡರಿ ಕಫನದ ಅಂಚಿನ ಹೊಲಿಗೆ ಬಿಚ್ಚುತ್ತಿದ್ದ. ಬಿಳಿ ಬಟ್ಟೆಯನ್ನು ತನ್ನ ಅಂಗಡಿಯಿಂದ ಅವನೇ ಕತ್ತರಿಸಿ ತಂದಿದ್ದ. ದರ್ಜಿಯ ಕೈ, ಬಿಚ್ಚಿದ ಅಂಚು ಕಂಡರೆ ಸುಮ್ಮನಿರುವುದಿಲ್ಲ. ಮಡಚಿ ಮಷೀನಿನಲ್ಲಿ ಓಡಿಸಿಬಿಟ್ಟಿತ್ತು. ಹೆಣಕ್ಕೆ ಹೊದಿಸುವ ಬಟ್ಟೆಗೆ ತಮ್ಮಲ್ಲಿ ಅಂಚು ಹೊಲಿಯುವುದಿಲ್ಲ ಎಂದು ಹಜಿರಾ ಬೀ ಮೆಲ್ಲಗೆ ಹೇಳಿದಳು. ಅವಳ ಗಂಡ ಪಿಂಜಾರ ಹುಸೇನ ಒಳಗೆ ಹಲಗೆಯ ಮೇಲಿದ್ದ. ಜ್ವರ ಬೆಳಗಿನ ಜಾವ ಅವನನ್ನು ಒಯ್ದಿತ್ತು.

ಈ ಬಿಚ್ಚುವ ಕೆಲಸ ಬೇಗ ಮುಗಿಯದಿದ್ದರೆ ಸಾಕು ಎಂದು ಪಂಡರಿಗೆ ಅನ್ನಿಸುತ್ತಿತ್ತು. ನಿಜಾಮನ ಆಳ್ವಿಕೆ ಮುಗಿದು ಕೆಲವೇ ದಿನಗಳಾಗಿದ್ದವು. ಮೊನ್ನೆಯವರೆಗೆ ನಿಜಾಮನ ಪರದ ರಜಾಕಾರರಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದ ಕಲ್ಯಾಣ, ಈಗ ಆ ಸೇಡನ್ನು ಕೈಗೆ ಸಿಕ್ಕ ಸಾಬರ ಮೇಲೆ ತೀರಿಸಿಕೊಳ್ಳಲು ಬಂದವರಿಗೆ ಹೆದರಿ ಬಾಗಿಲು ಹಾಕಿಕೊಂಡಿತ್ತು. ಓಣಿಯ ಸಾಬರಲ್ಲಿ ಕಾಲು ಗಟ್ಟಿಯಿದ್ದವರೆಲ್ಲ ಊರು ಬಿಟ್ಟಿದ್ದರು. ಉಳಿದವರು ಮುದುಕ ಅಬ್ದುಲ್ ರಜಾಕ್ ಮತ್ತು ಅವನ ತಮ್ಮ ವಜೀರ್. ಕುಂಬಾರ ಲಾಲಪ್ಪ ಬರುತ್ತೇನೆಂದು ಬಂದಿದ್ದ. ಅಲ್ಲಿಗೆ ಮೂರು ಹೆಗಲು. ಖಬರಸ್ತಾನದ ದಾರಿಯ ಚೌಕದಲ್ಲಿ ಭರ್ಚಿ ಹಿಡಿದವರು ಕೂತಿದ್ದರು.

ಬಟ್ಟೆ ಕೊಟ್ಟು ಸುಮ್ಮನೆ ಮನೆಗೆ ಬರಬೇಕು ಎಂದು ಹೆಂಡತಿ ಸಖುಬಾಯಿ ತಾಕೀತು ಮಾಡಿ ಕಳಿಸಿದ್ದಳು. "ಹೆಗಲ ಕೊಟ್ರ ನಾಳಿ ನಮ್ಮ ಮನಿಗೂ ಬೆಂಕಿ ಹಚ್ಚತಾರ," ಎಂದಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

*

ಹುಸೇನ ಹತ್ತಿ ಹಿಂಜುತ್ತಿದ್ದುದು ಪಂಡರಿಯ ಮನೆಯ ಕಟ್ಟೆಯ ಮೇಲೆ. ನಡುವಯಸ್ಸು ದಾಟಿದ ಮೇಲೆ ಅವನಿಗೆ ಮೊಹರಮ್ಮಿನ ಹಾಡು ಕಟ್ಟುವ ಹುಚ್ಚು ಹತ್ತಿತು. ಬರೆಯಲು ಬಾರದು. ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಜೊತೆಗೆ ದಿನಕ್ಕೊಂದು ಸಾಲು ಬಾಯಲ್ಲೇ ಕಟ್ಟುವನು. ನಿನ್ನೆಯ ತನಕದ್ದನ್ನೆಲ್ಲ ಮೊದಲಿನಿಂದ ಹೇಳಿ, ಹೊಸದನ್ನು ಕೊನೆಗೆ ಜೋಡಿಸುವನು. 'ಮೋರಂ ಹಬ್ಬ ಬಂದೈತಿ, ಎಲ್ಲಾರೂ ಬರ್ರಿ' ಎಂಬುದು ಮೊದಲ ಸಾಲು. ಇದು ಹಾಡೋ ಡಂಗುರವೋ ಎಂದು ಪಂಡರಿ ನಕ್ಕಿದ್ದ.

ಹೋದ ವರ್ಷ ಹುಮನಾಬಾದಿನಲ್ಲಿ ಮೊಹರಮ್ಮಿನ ಬೆಂಕಿಕುಂಡ ಅಲಾವಿಯ ಮುಂದೆ ಹಾಡಲು ನಿಂತ ಹುಸೇನ ನಡುವೆಯೇ ತಡವರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಕ್ಕಡಿಯಲ್ಲಿ ಮರಳುವಾಗ ಪಂಡರಿಗೇ ನಾಚಿಕೆಯಾಗಿ, ಇನ್ನು ಬಿಟ್ಟುಬಿಡು ಎಂದ.

"ಕೆಟ್ಟ ಹಾಡಾದ್ರ ತಿದ್ದಬಹುದಪಾ," ಎಂದ ಹುಸೇನ. "ಇಲ್ಲದ್ದು ಹ್ಯಾಂಗ ತಿದ್ದಲಿ?"

ಮರುದಿನ ಕಟ್ಟೆಯ ಮೇಲೆ ಎಂದಿನ ಹೊತ್ತಿಗೆ ಬಿಲ್ಲು ಸದ್ದು ಮಾಡಿತು.

ರಜಾಕಾರರು ಓಣಿಗೆ ನುಗ್ಗಿದ ದಿನ ಪಂಡರಿ ಹುಸೇನನ ಮನೆಯೊಳಗೆ ಹತ್ತಿಯ ರಾಶಿಯಲ್ಲಿ ಹುದುಗಿದ್ದ. ಹುಸೇನ ಬಾಗಿಲಿಗೆ ಅಡ್ಡವಾಗಿ ಕೂತು ಹಿಂಜುತ್ತಲೇ ಇದ್ದ. ಆ ದಿನದ ಸಾಲೂ ಬಂತು: 'ಮುಂದ ಹೊಳಿ ಹರದೈತಿ, ಕೂಸಿನ ತುಟಿ ಒಣಗೈತಿ.' ಕರ್ಬಲಾದ ಕೂಸಿನ ನೀರಡಿಕೆ. ರಾಶಿಯೊಳಗೆ ಪಂಡರಿ ಅತ್ತ. ಹೆದರಿಕೆಗೆ ಅತ್ತನೋ, ಆ ಸಾಲಿಗೆ ಅತ್ತನೋ, ಅವನಿಗೇ ತಿಳಿಯಲಿಲ್ಲ.

*

ಕಫನ ಹೊದಿಸಿದ್ದಾಯಿತು. ಮೂವರು ಹೆಣವಿಟ್ಟ ಜನಾಜಾದ ಮೂರು ಮೂಲೆಗೆ ನಿಂತರು. ನಾಲ್ಕನೆಯ ಬೊಂಬು ಖಾಲಿಯಿತ್ತು. ಯಾರೂ ಪಂಡರಿಯ ಮುಖ ನೋಡಲಿಲ್ಲ.

"ನೀವು ಬರಬ್ಯಾಡ್ರಿ ಭಯ್ಯಾ," ಎಂದಳು ಹಜಿರಾ ಬೀ. "ನಿಮಗೂ ಹೆಂಡ್ರ ಮಕ್ಕಳು ಅದಾರ."

"ಚೌಕದ ತನಕ ಬರ್ತೀನಿ ಭಾಬಿ. ಮುಂದ ನನ್ನ ಕೈಲಿ ಆಗಂಗಿಲ್ಲ."

ಹೆಗಲು ಕೊಟ್ಟ. ಕಾಲು ಕಿತ್ತಿಡಲು ಆಗಲಿಲ್ಲ. ಹೆಣದ ಜೊತೆ ನಡೆಯುತ್ತ ಹೇಳುವ ಕಲಿಮಾವನ್ನು ಜೋರಾಗಿ ಹೇಳುವ ಧೈರ್ಯ ಅಬ್ದುಲ್ ರಜಾಕನಿಗೂ ಇರಲಿಲ್ಲ. ಪಂಡರಿ ತುಟಿಯೊಳಗೇ 'ಮೋರಂ ಹಬ್ಬ ಬಂದೈತಿ' ಎಂದು, ಒಂದು ಹೆಜ್ಜೆ ಇಟ್ಟ. ಮುಂದಿನ ಸಾಲಿಗೆ ಮುಂದಿನ ಹೆಜ್ಜೆ. ತಾನೇ ನಕ್ಕಿದ್ದ ಸಾಲುಗಳೂ ನೆನಪಿದ್ದವು. ಮುಚ್ಚಿದ ಬಾಗಿಲುಗಳ ಮುಂದೆ ನಾಲ್ವರೂ ನಡೆದರು.

ಚೌಕದಲ್ಲಿ ಒಬ್ಬ ಎದ್ದು ಅಡ್ಡ ನಿಂತ. ಯಾರ ಹೆಣ, ಹೊತ್ತವರು ಯಾರು ಎಂದು ಕೇಳಿದ. ಲಾಲಪ್ಪ ಹೇಳಿದ; ತಾನು ಕುಂಬಾರನೆಂದೂ, ಹೊತ್ತದ್ದನ್ನು ಇಳಿಸುವುದಿಲ್ಲವೆಂದೂ ಹೇಳಿದ. ಭರ್ಚಿಯ ತುದಿ ಪಂಡರಿಯ ಎದೆಗೆ ತಿರುಗಿತು.

"ನೀ ನಮ್ಮವ ಇದ್ದೀ. ಇಳಿಸಿ ಮನಿಗಿ ಹೋಗು."

ಇಲ್ಲಿಯವರೆಗೆ ಎಂದೇ ಪಂಡರಿ ಮಾತು ಕೊಟ್ಟಿದ್ದು. ಯಾರೂ ಅವನನ್ನು ದೂರುತ್ತಿರಲಿಲ್ಲ. ಪಂಡರಿ ಬಾಯಿ ತೆರೆದ. ಧೋತರ ಒದ್ದೆಯಾಗಿದ್ದು ಅವನಿಗೆ ಆಗ ತಿಳಿಯಿತು.

"ಇವ ದಿನಾ ನಮ್ಮ ಕಟ್ಟಿ ಮ್ಯಾಲ ಕುಂದರತಿದ್ದರಿ," ಎಂದ. ಹೆಗಲ ಮೇಲಿನ ಬೊಂಬನ್ನು ಬಿಗಿಯಾಗಿ ಹಿಡಿದು, "ಮಣ್ಣ ಕೊಟ್ಟು ಹೋಗತೀನಿ," ಎಂದ.

ಆತ ಭರ್ಚಿಯಿಂದ ಬಟ್ಟೆ ಸರಿಸಿ ಹುಸೇನನ ಮುಖ ನೋಡಿದ. ಪಂಡರಿಯ ಮುಖವನ್ನೂ ಬಹಳ ಹೊತ್ತು ನೋಡಿದ. ನಿನ್ನ ಮನೆ ಯಾವುದೆಂದು ಗೊತ್ತಾಗದೆ ಇರುವುದಿಲ್ಲ ಎಂದು ಹೇಳಿ ಪಕ್ಕಕ್ಕೆ ಸರಿದ.

ಖಬರಸ್ತಾನದಲ್ಲಿ ಜನಾಜಾ ನೆಲಕ್ಕಿಳಿಸಿದರು. ಮೂವರು ಕೈ ತೆಗೆದರು. ಪಂಡರಿ ಅದರ ಜೊತೆಗೇ ಕುಕ್ಕರಿಸಿ ಕೂತ. ಬೊಂಬು ಹಿಡಿದ ಕೈ ಬಿಡಲಿಲ್ಲ. ಬಿಡು ಎಂದರು, ಬಿಡುತ್ತೇನೆ ಎಂದ, ಕೈ ಮಾತ್ರ ಬಿಡಲಿಲ್ಲ. ಕೊನೆಗೆ ಅಬ್ದುಲ್ ರಜಾಕ್ ಎದುರಿಗೆ ಕೂತು, ಪಂಡರಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.