ಬೇರೆಯವಳ ತುಟಿ

"ಇನ್ನೊಂದ್ಸಲ ಹೇಳು ಗಿಣಿ. ತುಟಿಗೆ ಮಾತು ಕೂಡಿದೆ, ಮಜಾ ಬಂದಿಲ್ಲ," ಎಂದ ಗಾಜಿನಾಚೆ ಕೂತಿದ್ದ ನಿರ್ದೇಶಕ.

ಗಿಣಿ ಹೆಡ್‌ಫೋನ್ ಸರಿಮಾಡಿಕೊಂಡಳು. ಕಾಲೇಜಿನಲ್ಲಿ ಆ ಹೆಸರಿಟ್ಟವನೂ ಇವನೇ. ಪ್ರಿನ್ಸಿಪಾಲರ ಕೆಮ್ಮನ್ನು ಅವಳು ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದಳು. ಈಗ ಅವನು ಸಿನಿಮಾ ಬರೆದು ತೆಗೆಯುತ್ತಾನೆ, ಅವಳು ಕಂಠದಾನ ಮಾಡುತ್ತಾಳೆ. ಈ ಸಲದ್ದು ಸ್ನೇಹಿತರಿಬ್ಬರು ನಿಧಾನಕ್ಕೆ ಪ್ರೇಮಿಗಳಾಗುವ ನಗೆಚಿತ್ರ. ಭಾಷೆ ಬಾರದ ನಾಯಕಿ ಸೆಟ್ಟಿನಲ್ಲಿ ಒಂದು ಎರಡು ಮೂರು ಎಣಿಸಿ ಬಾಯಾಡಿಸಿ ಹೋಗಿದ್ದಳು. ಆ ಅಂಕಿಗಳಿಗೆ ಪ್ರೀತಿ ತುಂಬುವುದು ಗಿಣಿಯ ಪಾಲಿನ ಕೆಲಸ.

ಪರದೆಯ ಮೇಲೆ ನಾಯಕಿ ಬಾಯ್ತೆರೆದಳು, ಗಿಣಿ ಮಾತಾಡಿದಳು.

"ನಗ್ಬೇಡ. ನೀನು ನಕ್ರೆ ನಾನೂ ನಕ್ಕುಬಿಡ್ತೀನಿ, ಆಮೇಲೆ ಹೇಳಕ್ಕಾಗಲ್ಲ. ನಿನ್ ಜೊತೆ ಮುದುಕಿ ಆಗ್ಬೇಕು ಅಂತಿದೀನಿ ಕಣೋ."

ಮಾತು ಗಿಣಿಯದೇ. ಅವರ ಕೆಲಸ ನಡೆಯುತ್ತಿದ್ದದ್ದೇ ಹಾಗೆ: ಅವನು ಫೋನ್ ಮಾಡಿ, "ಹುಡುಗಿ ಈಗ ಏನಂತಾಳೆ?" ಎಂದು ಕೇಳುವನು, ಅವಳು ಆ ಹುಡುಗಿಯಾಗಿ ಮಾತಾಡುವಳು, ಅವನು ಬರೆದುಕೊಳ್ಳುವನು. ಎರಡು ವರ್ಷದ ಕೆಳಗೆ ಒಂದು ಮಧ್ಯಾಹ್ನ ಮಾತ್ರ, ಅವನು ಏನೂ ಕೇಳದೆ ಇದ್ದಾಗ, ಅವಳು ಇದನ್ನು ಹೇಳಿದ್ದಳು. ಅತ್ತ ಒಂದು ಗಳಿಗೆ ಉಸಿರೂ ಕೇಳಿಸಲಿಲ್ಲ. ಆಮೇಲೆ, "ಸೂಪರ್ ಕಣೇ, ಬರ್ಕೊಂಡೆ!"

ನಾಟಕ ಅಂದುಕೊಂಡ, ಪೆದ್ದ. ಪೆದ್ದನ ಮೇಲೆ ಎಷ್ಟು ದಿನ ಮುನಿಸಿಕೊಳ್ಳುವುದು? ಅವನ ಮದುವೆಗೂ ಹೋಗಿ, ಎರಡೂ ಕಡೆಯ ಬೀಗರ ದನಿ ತೆಗೆದು ಚಪ್ಪರದ ತುಂಬ ನಗಿಸಿ ಬಂದಿದ್ದಳು.

ಟೇಕ್ ಓಕೆ ಆಯಿತು. ಎಲ್ಲರೂ ದೊಡ್ಡಪ್ಪ ಎನ್ನುವ ಸೌಂಡ್ ಇಂಜಿನಿಯರು ನಿಲ್ಲಿಸಲು ಮರೆತರು. ಮುಂದಿನ ದೃಶ್ಯವೂ ಓಡಿತು. ಗಿಣಿಗೆ ಕೊಟ್ಟ ಹಾಳೆಗಳಲ್ಲಿ ಅದು ಇರಲಿಲ್ಲ. ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹೊತ್ತ ನಾಯಕ ಪಕ್ಕದ ಕುರ್ಚಿಯ ಗೆಳೆಯನಿಗೆ ಹೇಳುತ್ತಿದ್ದ:

"ಅವ್ಳು ನಿಜವಾಗ್ಲೂ ಹೇಳಿದ್ದು ಅಂತ ಆಗ್ಲೇ ಗೊತ್ತಾಯ್ತು ಕಣೋ. ಭಯ ಆಯ್ತು. ನಾಟಕ ಅಂದ್ಕೊಂಡವನ ಥರ ನಾಟಕ ಆಡ್ಬಿಟ್ಟೆ."

ದೊಡ್ಡಪ್ಪ ಹೊಟ್ಟೆ ಕುಲುಕಿಸಿ ನಕ್ಕರು. "ಏನ್ ಕಳ್ಳನಪ್ಪಾ ನಿನ್ ಹೀರೋ!"

"ಲೋ," ಎಂದಳು ಗಿಣಿ ಮೈಕಿನಲ್ಲಿ, "ಈ ಸೀನು ಯಾರು ಹೇಳ್ಕೊಟ್ಟಿದ್ದು ನಿಂಗೆ?"

"ಯಾರ್ ಹೇಳ್ಕೊಡ್ತಾರೆ? ನಾನೇ..." ಎಂದವನು ಅಲ್ಲಿಗೇ ನಿಂತ. ಆಮೇಲೆ, "ಕಥೆ ಕಣೇ ಅದು. ಇದ್ರಲ್ಲಿ ಕೊನೆಗೆ ಇಬ್ಬರೂ ಒಂದಾಗ್ತಾರಲ್ಲ," ಎಂದ.

"ನೀನು ಪೆದ್ದ ಅಂದ್ಕೊಂಡು ಎರಡು ವರ್ಷ ಆರಾಮಾಗಿದ್ದೆ ಕಣೋ ನಾನು."

ದೊಡ್ಡಪ್ಪ ನಗು ನುಂಗಿಕೊಂಡು ಮೀಟರಿನ ಮುಳ್ಳು ನೋಡತೊಡಗಿದರು.

"ಇನ್ನು ಮೂರೇ ಸೀನು, ಗಿಣಿ. ಕ್ಲೈಮ್ಯಾಕ್ಸು. ನಿನ್ನ ಬಿಟ್ರೆ ಯಾರ್ ಹೇಳ್ತಾರೆ?"

"ಅಂಕಿ ಎಣಿಸಿದಾಳಲ್ಲ, ಹಾಗೇ ಬಿಡು. ಲೆಕ್ಕಾಚಾರದವನಿಗೆ ಅದೇ ಸರಿ."

ಹೆಡ್‌ಫೋನ್ ತೆಗೆದು ಕೊಕ್ಕೆಗೆ ತಗುಲಿಸಿದಳು. ಅವನು ಈಚೆ ಕೇಳಿಸುವ ಗುಂಡಿ ಒತ್ತುವುದನ್ನೂ ಮರೆತು ಮಾತಾಡುತ್ತಲೇ ಇದ್ದ. ಆಡುವ ತುಟಿ ಕಂಡಲ್ಲಿ ಮಾತು ಕೂಡಿಸುವ ಅಭ್ಯಾಸಕ್ಕೆ ಅವಳ ತುಟಿಯೂ ಒಮ್ಮೆ ಬಿಚ್ಚಿತು, ಮುಚ್ಚಿಕೊಂಡಳು. ಸದ್ದಾಗದಿರಲೆಂದು ಕಳಚಿಟ್ಟಿದ್ದ ಚಪ್ಪಲಿಗಳಲ್ಲಿ ಒಂದು ಮೈಕಿನ ಕಂಬದಡಿ ಸೇರಿತ್ತು. ಗಾಜಿಗೆ ಬೆನ್ನು ಮಾಡಿ, ಕಾಲಿನ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಎಳೆದುಕೊಳ್ಳತೊಡಗಿದಳು.