ನರ್ಸಮ್ಮ ಬರುವ ಮನೆ

"ಏಯ್, ಆ ಕೊಳೆತ ಕಾಲು ಮೊದ್ಲು ಆಚೆ ತೆಗಿ! ಇರೋ ಜಾಗಾನೆಲ್ಲ ನಾರಿಸೋಕೆ ಬಂದಿದೀಯೇನೋ ದರಿದ್ರದವನೇ?"

ರಾತ್ರಿ ತಂಗುದಾಣದ ಕಾವಲುಗಾರ ಹಮಾಲಿಯ ಕಾಲನ್ನು ಬೆತ್ತದ ತುದಿಯಿಂದ ತಳ್ಳಿದ. ಹಮಾಲಿ ಅಯ್ಯೋ ಅನ್ನಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಆ ಕಾಲಿಗೆ ನೋವೇ ಗೊತ್ತಾಗುತ್ತಿರಲಿಲ್ಲ. ಅವನ ತಂಗಿ ಕೈಗಾಡಿಯನ್ನು ಗೋಡೆಗೆ ಆನಿಸಿ ಮುಂದೆ ಬಂದಳು. ತರಕಾರಿ ಮಾರ್ಕೆಟ್ಟಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದ ಅವಳನ್ನು ಎಲ್ಲರೂ ಗೋಣಿಯಕ್ಕ ಎಂದೇ ಕರೆಯುತ್ತಿದ್ದರು.

"ಕಾಲು ಅವನದೇ ಕಣಣ್ಣಾ. ಅದನ್ನ ಆಚೆ ಇಟ್ಟು ಅವನು ಮಾತ್ರ ಒಳಗೆ ಬರೋಕಾಗಲ್ಲ."

"ಬಾಯಿ ಬೇರೆ ಕೇಡು! ಕಾಯಿಲೆಯವರಿಗೆ ಇಲ್ಲಿ ಜಾಗ ಇಲ್ಲ. ಇದೇನು ಆಸ್ಪತ್ರೆನಾ? ವಾಸಿ ಮಾಡಿಸ್ಕೊಂಡು ಬಾ, ಮಂಚ ಕೊಡ್ತೀನಿ."

ಆಸ್ಪತ್ರೆಯವರು ಹಮಾಲಿಯ ಕಾಲಿನ ಎರಡು ಬೆರಳನ್ನು ಇಟ್ಟುಕೊಂಡು, ಉಳಿದವನನ್ನು ಅಂದು ಬೆಳಿಗ್ಗೆಯಷ್ಟೇ ಹೊರಗೆ ಕಳಿಸಿದ್ದರು. ಡಾಕ್ಟರು ಒಳ್ಳೆಯವನು. ತಾಳ್ಮೆಯಿಂದ ಎಲ್ಲ ಹೇಳಿದ್ದ.

"ಗಾಯ ನೆನೀಬಾರ್ದು. ಕಾಲು ದಿಂಬಿನ ಮೇಲೇ ಇರ್ಬೇಕು. ಇಂಜೆಕ್ಷನ್ ಸೀಸೆ ಫ್ರಿಜ್ಜಲ್ಲಿಡಿ. ದಿನಾ ನರ್ಸು ಮನೆಗೇ ಬಂದು ಪಟ್ಟಿ ಕಟ್ತಾಳೆ."

"ನಮಗೆ ಮನೆ ಇಲ್ಲ ಡಾಕ್ಟ್ರೇ. ಮಾರ್ಕೆಟ್ ಜಗುಲಿ ಮೇಲೆ ಮಲಗ್ತೀವಿ."

ಡಾಕ್ಟರು ತಲೆಯೆತ್ತಿ ನೋಡಿದ. "ಹಾಗಾದ್ರೆ ಫ್ರಿಜ್ ಎಲ್ಲಿಟ್ಟಿದೀರಾ?"

ಮೊದಲು ಅಣ್ಣ ತಂಗಿಗೂ ಒಂದು ಬಾಡಿಗೆ ಕೋಣೆ ಇತ್ತು. ಇವನು ಮೂಟೆ ಹೊರುವುದನ್ನು ನಿಲ್ಲಿಸಿದ ಮೇಲೆ ಮಾಲೀಕ ಪಾತ್ರೆಗಳನ್ನು ಬೀದಿಗೆ ಎಸೆದ. ಬಾಗಿಲಿಗೆ ತನ್ನ ಬೀಗ ಜಡಿದು, ಕಾಲು ಬೇಗ ವಾಸಿಯಾಗಲಿ ಎಂದು ಹಾರೈಸಿ ಹೋದ.

ಆ ರಾತ್ರಿಯೂ ಜಗುಲಿಯೇ ಗತಿಯಾಯಿತು. ಮರುದಿನ ಗೋಣಿಯಕ್ಕ ಅಣ್ಣನನ್ನು ಕೂರಿಸಿ ಗಾಡಿಯನ್ನು ಹೊಸ ಸರ್ಕಾರಿ ಕಚೇರಿಯ ಕಡೆ ತಳ್ಳಿದಳು. 'ಸೂರು, ಚಿಕಿತ್ಸೆ, ಆರೈಕೆ: ಎಲ್ಲವೂ ಒಂದೇ ಬಾಗಿಲಲ್ಲಿ' ಎಂಬ ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ಬಾಗಿಲೇನೋ ಒಂದೇ ಇತ್ತು. ಒಳಗೆ ಕಿಟಕಿಗಳು ಮೂರಿದ್ದವು. ಅಣ್ಣನನ್ನು ಸೋಫಾದ ಮೇಲೆ ಕೂರಿಸಿ ಅವಳು ಮೊದಲ ಕಿಟಕಿಗೆ ಹೋದಳು.

"ಎದ್ದು ಓಡಾಡೋಕಾಗದವನಿಗೆ ಮನೆ ಕೊಟ್ರೆ, ಒಳಗೇ ಬಿದ್ದು ಸತ್ರೆ ಯಾರು ಜವಾಬ್ದಾರಿ?" ಎಂದ ವಸತಿ ಗುಮಾಸ್ತ. "ನೋಡ್ಕೊಳ್ಳೋಕೆ ಆಳು ಗೊತ್ತು ಮಾಡ್ಕೊಂಡು ಬಾ."

"ನಾನಿದೀನಲ್ಲ ಸ್ವಾಮೀ."

"ನೀನು ಲೆಕ್ಕಕ್ಕಿಲ್ಲ. ಆ ಕಿಟಕಿಯವರು ಕಳಿಸೋ ಆಳಾಗಿರ್ಬೇಕು."

ಆ ಕಿಟಕಿಯವನು ಇನ್ನೂ ಮರ್ಯಾದಸ್ಥ. "ಆಳು ಈಗಲೇ ಕಳಿಸ್ತೀನಮ್ಮಾ. ಎಲ್ಲಿಗೆ ಕಳಿಸ್ಲಿ, ಮನೆ ತೋರ್ಸು."

ಮೂರನೆಯ ಕಿಟಕಿಯಲ್ಲಿ ನರ್ಸು ಇದ್ದಳು. ಅವಳೊಬ್ಬಳು ಎದ್ದು ಹೊರಗೆ ಬಂದು, ಬಗ್ಗಿ ಕಾಲು ನೋಡಿದಳು.

"ಹೀಗೇ ಬಿಟ್ರೆ ಮಂಡಿವರೆಗೂ ತೆಗೀಬೇಕಾಗುತ್ತೆ ಅಣ್ಣಾ."

"ಜಗುಲಿಗೇ ಬನ್ನಿ ನರ್ಸಮ್ಮಾ, ನಿಮ್ಮ ದಮ್ಮಯ್ಯ," ಎಂದಳು ಗೋಣಿಯಕ್ಕ.

"ಬೀದಿಗೆ ಹೋಗಿ ಪಟ್ಟಿ ಕಟ್ಟಿದ್ರೆ ನನ್ನ ಕೆಲ್ಸ ತೆಗೀತಾರೆ ಕಣಮ್ಮಾ. ಗೋಡೆ, ಬಾಗ್ಲು, ವಿಳಾಸ ಇಷ್ಟಿದ್ರೆ ಸಾಕು. ಎಲ್ಲಿಗಾದ್ರೂ ಬರ್ತೀನಿ."

ಅಷ್ಟರಲ್ಲಿ ಒಳಕೋಣೆಯಿಂದ ಸಾಹೇಬ ಬಂದ. "ಯಾವನೋ ಇವನನ್ನ ಸೋಫಾ ಮೇಲೆ ಕೂರ್ಸಿದ್ದು? ನಾಳೆ ದೊಡ್ಡೋರು ಕಚೇರಿ ನೋಡೋಕೆ ಬರ್ತಿದಾರೆ. ಏಳೋ ಬೋಳಿಮಗನೇ!"

ಇಬ್ಬರು ಜವಾನರು ಹಮಾಲಿಯ ರಟ್ಟೆ ಹಿಡಿದು ಎಳೆದರು. ಪಟ್ಟಿ ನೆಲಕ್ಕೆ ಉಜ್ಜಿ, ಬಿಳಿ ಟೈಲ್ಸಿನ ಮೇಲೆ ಬಾಗಿಲವರೆಗೂ ರಕ್ತದ ಗೆರೆ ಮೂಡಿತು.

"ಒರೆಸೇ ಅದನ್ನ," ಎಂದ ಸಾಹೇಬ.

ಗೋಣಿಯಕ್ಕ ಮಂಡಿಯೂರಿ ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಕೇಳಿದಳು: "ನರ್ಸಮ್ಮಾ, ಈ ಕಟ್ಟಡಕ್ಕೆ ವಿಳಾಸ ಇದೆಯಾ?"

"ಇದೆ."

"ನಾಳೆ ಬೆಳಿಗ್ಗೆ ಇಲ್ಲಿಗೇ ಬನ್ನಿ."

ನರ್ಸು ಅವಳನ್ನು ನೋಡಿದಳು. ಸಾಹೇಬ ಮತ್ತೆ ಹೊಕ್ಕ ಕೋಣೆಯನ್ನು ನೋಡಿದಳು. ಕಿಟಕಿಗೆ ಹೋಗಿ ಪೆನ್ನು ತೆಗೆದು ಬರೆದುಕೊಂಡಳು.

ಬೆಳಿಗ್ಗೆ ಕಸ ಗುಡಿಸುವವಳು ಕಚೇರಿಯ ಬೀಗ ತೆಗೆಯುವುದಕ್ಕೂ ಕೈಗಾಡಿ ಮೆಟ್ಟಿಲ ಹತ್ತಿರ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಏನೇ ಇದು?"

"ಮನೆಗೆ ಬಂದ್ವಿ ಕಣಕ್ಕಾ."

"ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಲ್ಲೇ ಮುಂಡೇದೇ," ಎಂದು ಬೈಯುತ್ತಲೇ ಗುಡಿಸುವವಳು ಗಾಡಿಯ ಇನ್ನೊಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದಳು.

ಸಾಹೇಬನ ಕೋಣೆಯ ಸೋಫಾ ಇನ್ನೂ ಉದ್ದವಿತ್ತು. ಗೋಣಿಯಕ್ಕ ಅಣ್ಣನನ್ನು ಮಲಗಿಸಿ, ಕಾಲ ಕೆಳಗೆ ಎರಡು ದಿಂಬು ಕೊಟ್ಟಳು. ಫ್ರಿಜ್ಜಿನಲ್ಲಿ ಜ್ಯೂಸು ಬಾಟಲಿಗಳಿದ್ದವು. ಅವನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಇಂಜೆಕ್ಷನ್ ಸೀಸೆಯನ್ನು ಒಳಗಿಟ್ಟಳು. ಫ್ರಿಜ್ಜಿನ ಬಾಗಿಲನ್ನು ಇನ್ನೊಮ್ಮೆ ತೆರೆದು, ಸೀಸೆ ಮುಟ್ಟಿ ನೋಡಿ ಮುಚ್ಚಿದಳು. ಆಮೇಲೆ ಕೋಣೆಯ ಚಿಲಕ ಹಾಕಿದಳು.

"ಒದೀತಾರೆ ಕಣೇ," ಎಂದ ಹಮಾಲಿ.

"ಒದೀಲಿ. ನೀನು ದಿಂಬಿನ ಮೇಲಿಂದ ಕಾಲು ಇಳಿಸ್ಬೇಡ."

ಸ್ವಲ್ಪ ಹೊತ್ತಿಗೆ ಸಾಹೇಬ ಬಂದು ಬಾಗಿಲು ದಡದಡ ಬಡಿದ.

"ಯಾವಳೇ ಒಳಗೆ? ತೆಗಿಯೇ ಬಾಗ್ಲು! ದೊಡ್ಡೋರ ಕಾರು ಬಂತು!"

"ಯಾರು ಬೇಕಾಗಿತ್ತು?" ಎಂದಳು ಗೋಣಿಯಕ್ಕ.

ಗುಮಾಸ್ತರು ಸೇರಿದರು, ಜವಾನರು ಸೇರಿದರು. ಪೊಲೀಸರಿಗೆ ಫೋನು ಮಾಡಿ ಎಂದು ಯಾರೋ ಕೂಗಿದರು. ಆ ಗದ್ದಲದ ನಡುವೆ ಬಾಗಿಲಿನ ಮೇಲೆ ಬೆರಳಿನ ಮೆಲ್ಲನೆಯ ಸದ್ದಾಯಿತು.

"ಮನೇಲಿ ಯಾರಿದೀರಾ?"

ಗೋಣಿಯಕ್ಕ ಒಬ್ಬರು ನುಸುಳುವಷ್ಟೇ ಬಾಗಿಲು ತೆರೆದಳು. ನರ್ಸು ಚೀಲ ಸಮೇತ ಒಳಗೆ ಬಂದಳು. ಹಿಂದೆಯೇ ನುಗ್ಗಲು ಹೊರಟ ಸಾಹೇಬನ ಎದೆಗೆ ಗೋಣಿಯಕ್ಕ ಅಂಗೈ ಕೊಟ್ಟಳು.

"ಒಳಗೆ ಕಾಯಿಲೆ ಮನುಷ್ಯ ಮಲಗಿದಾನೆ ಸಾರ್. ಆಮೇಲೆ ಬನ್ನಿ."

ಚಿಲಕ ಬಿತ್ತು. ನರ್ಸು ಪಟ್ಟಿ ಬಿಚ್ಚಿದಳು. ಮೂರನೆಯ ಬೆರಳೂ ಕಪ್ಪಾಗಿತ್ತು.

ಹೊರಗೆ ಬಾಗಿಲು ಒಡೆಯಲು ಶುರುಮಾಡಿದರು. "ಎಷ್ಟು ಹೊತ್ತು ಬೇಕು ನರ್ಸಮ್ಮಾ?" ಎಂದು ಕೇಳಿದಳು ಗೋಣಿಯಕ್ಕ.

"ಅರ್ಧ ಗಂಟೆ."

ಗೋಣಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಹೇಬನ ಕಬ್ಬಿಣದ ಬೀರುವಿಗೆ ಬೆನ್ನು ಕೊಟ್ಟು, ಅದನ್ನು ಬಾಗಿಲ ಕಡೆಗೆ ತಳ್ಳತೊಡಗಿದಳು.