ಹದಿನಾರರ ಸಿದ್ದೀಕಾಳ ಪಾಸ್‌ಬುಕ್ಕು

ಹರಿಹರದ ಪಿಂಜಾರ ಓಣಿಯಲ್ಲಿ ಮಸ್ತಾನಸಾಬರ ಮನೆಗೆ ಹೋದರೆ ಎಲ್ಲಿ ಕೂತರೂ ಮೆತ್ತಗಿರುತ್ತದೆ. ಪಡಸಾಲೆಯ ತುಂಬ ಹತ್ತಿ. ಮಸ್ತಾನಸಾಬರು ಕಮಾನು ಹಿಡಿದು ಹತ್ತಿ ಹಿಂಜುತ್ತಾರೆ, ಗಾದಿ ತುಂಬುತ್ತಾರೆ. ಮಗಳು ಸಿದ್ದೀಕಾ ಗವಸು ಹೊಲಿಯುತ್ತಾಳೆ. ಜೂನ್ ತಿಂಗಳು ಅವರಿಗೆ ಸುಗ್ಗಿ. ದಾವಣಗೆರೆಯ ವಿದ್ಯಾನಗರದ ಹಾಸ್ಟೆಲ್‌ಗಳಿಗೆ ಹೊಸ ಹುಡುಗರು ಬರುತ್ತಾರೆ. ಅವರಿಗೆಲ್ಲ ಗಾದಿ, ದಿಂಬು ಬೇಕು.

ಅದು 1983ರ ಜೂನ್. ಸಿದ್ದೀಕಾಗೆ ಹದಿನಾರು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ದಾವಣಗೆರೆಗೆ ಹೋಗಿ ಟೈಪಿಂಗ್ ಕಲಿಯಬೇಕು, ಜೂನಿಯರ್ ಪರೀಕ್ಷೆ ಕಟ್ಟಬೇಕು ಎಂಬುದು ಅವಳ ಹಟ. ಅಪ್ಪ ಒಂದು ಗವಸಿಗೆ ಒಂದು ರೂಪಾಯಿಯಂತೆ ಅವಳಿಗೆ ಕೊಡುತ್ತಿದ್ದರು. ವರ್ಷದಲ್ಲಿ ನೂರ ನಲವತ್ತೆರಡು ರೂಪಾಯಿ ಕೂಡಿತ್ತು. ಟೈಪಿಂಗ್ ಶಾಲೆಗೆ ಸೇರುವ ಶುಲ್ಕ ಹತ್ತು, ಮೂರು ತಿಂಗಳ ಮುಂಗಡ ನಲವತ್ತೈದು, ಒಟ್ಟು ಐವತ್ತೈದು. ಬರುವ ಸೋಮವಾರದೊಳಗೆ ಕಟ್ಟದಿದ್ದರೆ ಜಾಗ ಇನ್ನೊಬ್ಬರಿಗೆ.

ದುಡ್ಡು ಎಲ್ಲಿತ್ತು? ಅದು ಅಜ್ಜಿ ಸುಗ್ರಾಬಿಗೆ ಮಾತ್ರ ಗೊತ್ತು.

ಪಕ್ಕದ ಮನೆಯ ಹೊನ್ನಕ್ಕ ಬ್ಯಾಂಕಿನಲ್ಲಿ ಅಟೆಂಡರ್. ಗುರುವಾರ ಸಂಜೆ ಅವರು ಬಂದವರೇ ಮಾತು ತೆಗೆದರು.

"ಸಾಬ್ರೆ, ಹುಡುಗಿ ದುಡ್ಡಿಗೆ ಒಂದು ಖಾತೆ ತೆಗೆಸ್ರಿ. ಆಕಿ ಹೆಸರಿಗೇ."

"ಈಕಿ ಹೆಸರಿಗಾ?" ಸುಗ್ರಾಬಿ ನಕ್ಕರು. "ಇನ್ನೂ ಜಡೆ ಹಾಕು ಬಾ ಅಂತ ನನ್ನ ಕರೀತಾಳೆ!"

"ಜಡೆಗೂ ಖಾತೆಗೂ ಏನ್ ಸಂಬಂಧ ಅಜ್ಜೀ?" ಎಂದಳು ಸಿದ್ದೀಕಾ.

ಮಸ್ತಾನಸಾಬರು ಕಮಾನು ಕೆಳಗಿಟ್ಟರು. "ಬ್ಯಾಡ ಹೊನ್ನಕ್ಕ. ವಯಸ್ಸಿನ ಮಕ್ಕಳ ಕೈಗೆ ದುಡ್ಡು ಕೊಟ್ರೆ ಸಿನಿಮಾ, ಸ್ನೋ, ಪೌಡರು. ಅಷ್ಟೇ. ನಮ್ಮವ್ವನ ಹತ್ರ ಇದ್ರೆ ಭದ್ರ."

"ಅಜ್ಜಿಗೆ ಮರೆವು ಬಂದ್ರೆ?" ಎಂದರು ಹೊನ್ನಕ್ಕ.

"ನನಗಾ ಮರೆವು?" ಸುಗ್ರಾಬಿ ಕೆರಳಿದರು. "ನಿನ್ನ ಮದುವ್ಯಾಗ ಯಾರ್ಯಾರು ಎಷ್ಟೆಷ್ಟು ಹೋಳಿಗೆ ತಿಂದ್ರು, ಹೇಳ್ಲೇನು?"

ಹೊನ್ನಕ್ಕ ಕೈಮುಗಿದು ಎದ್ದು ಹೋದರು.

ಶನಿವಾರ ಹಾಸ್ಟೆಲ್‌ಗೆ ಮೂವತ್ತು ಗಾದಿ, ಮೂವತ್ತು ದಿಂಬು ಹೋಗಬೇಕಿತ್ತು. ಸುಗ್ರಾಬಿ ಸಂತೆಗೆ ಹೋಗಿದ್ದರು. ಗಾಡಿಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ. ಎಣಿಸಿದರೆ ದಿಂಬು ಇಪ್ಪತ್ತೊಂಬತ್ತೇ. ಹೊಸದು ತುಂಬಲು ಹೊತ್ತಿರಲಿಲ್ಲ. ಮಸ್ತಾನಸಾಬರು ಎಂದೂ ಮಾಡದ ಕೆಲಸ ಅಂದು ಮಾಡಿದರು. ಮೂಲೆಯಲ್ಲಿದ್ದ ಹಳೆಯ ದಿಂಬೊಂದಕ್ಕೆ ಹೊಸ ಗವಸು ತೊಡಿಸಿ, ಬಾಯಿ ಹೊಲಿದು, ಗಾಡಿಗೆ ಹಾಕಿದರು.

ಸಂಜೆ ಸಿದ್ದೀಕಾ ಐವತ್ತೈದು ರೂಪಾಯಿ ಕೇಳಿದಳು. ಸುಗ್ರಾಬಿ ಮೂಲೆಗೆ ಹೋದರು. ಅಲ್ಲಿಂದಲೇ ಕೂಗಿದರು.

"ಮಸ್ತಾನಾ, ಇಲ್ಲಿದ್ದ ದಿಂಬೆಲ್ಲೋ?"

"ಯಾವ ದಿಂಬು?"

"ಹಳೇದು! ಹುಡುಗಿ ದುಡ್ಡು ಅದರೊಳಗೇ ಇಟ್ಟು ಹೊಲಿದಿದ್ದೆ!"

"ಅದನ್ನ ಹಾಸ್ಟೆಲ್ ಗಾಡಿಗೆ ಹಾಕಿಬಿಟ್ಟೆನಲ್ಲವ್ವ!" ಎಂದರು ಮಸ್ತಾನಸಾಬರು. ಸಿದ್ದೀಕಾ ಅಳಲಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದಳು. "ನಡಿಯಪ್ಪ, ಹಾಸ್ಟೆಲ್‌ಗೆ."

"ಈಗ ಹೋದ್ರೆ ವಾಪಸ್ ಬರಕ್ಕೆ ಬಸ್ಸಿಲ್ಲ ತಾಯಿ. ನಾಳೆ ಮೊದಲನೇ ಬಸ್ಸಿಗೇ ಹೋಗಾಣ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಪ್ಪ, ಮಗಳು ವಿದ್ಯಾನಗರದಲ್ಲಿದ್ದರು. ಹಾಸ್ಟೆಲ್ ವಾರ್ಡನ್ ಸೂರಪ್ಪ ಹಲ್ಲುಜ್ಜುತ್ತ ಹೊರಗೆ ಬಂದರು. ಮಸ್ತಾನಸಾಬರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು.

"ಹಳೇ ದಿಂಬಿಗೆ ಹೊಸ ಗವಸಾ?" ಸೂರಪ್ಪ ಹುಬ್ಬೇರಿಸಿದರು. "ಹೊಸಾದ್ರ ರೇಟೇ ತಗಂಡ್ರಲ್ಲ ಸಾಬ್ರೆ!"

"ತಪ್ಪಾತು ಸಾರ್. ಇಪ್ಪತ್ತು ವರ್ಷದಾಗ ಇದೊಂದೇ ತಪ್ಪು. ಹೊಸಾದು ತುಂಬಿ ತಂದು ಕೊಡ್ತೀನಿ. ಅದರ ದುಡ್ಡು ಬ್ಯಾಡ."

ಸೂರಪ್ಪ ಹುಡುಗಿಯ ಮುಖ ನೋಡಿದರು. ಗಂಟೆ ಹೊಡೆಸಿದರು. ಐದು ನಿಮಿಷದಲ್ಲಿ ಮೂವತ್ತು ಹುಡುಗರು ಕಂಕುಳಲ್ಲಿ ದಿಂಬು ಇಟ್ಟುಕೊಂಡು ಅಂಗಳದಲ್ಲಿ ಸಾಲಾಗಿ ನಿಂತರು. ಮೂವತ್ತು ಗವಸೂ ಒಂದೇ ಬಟ್ಟೆ, ಒಂದೇ ಹೊಲಿಗೆ. ಎಲ್ಲ ಬಿಚ್ಚಿದರೆ ಮತ್ತೆ ಹೊಲಿಯಲು ಎರಡು ದಿನ ಬೇಕು.

"ಬಿಚ್ಚಾದು ಬ್ಯಾಡ," ಎಂದರು ಮಸ್ತಾನಸಾಬರು. "ಹೊಸ ಹತ್ತಿ ತಟ್ಟಿದ್ರೆ ಮ್ಯಾಲೆ ಏಳ್ತೈತೆ. ಹಳೇದು ಹಂಗೇ ಕುಂತ್ಕಂತೈತೆ."

ಒಂದೊಂದೇ ದಿಂಬಿನ ಮೇಲೆ ಅಂಗೈ ಇಟ್ಟು ತಟ್ಟುತ್ತ ಹೋದರು. ಹತ್ತು ಆಯಿತು. ಹದಿನೈದು ಆಯಿತು. ಸಿದ್ದೀಕಾ ಹಿಂದೆ ಹಿಂದೆಯೇ ನಡೆದಳು. ಇಪ್ಪತ್ತಮೂರನೆಯ ದಿಂಬು ಕೊಂಡಜ್ಜಿ ಊರಿನ ಹುಡುಗನ ಕೈಯಲ್ಲಿತ್ತು. ಮಸ್ತಾನಸಾಬರು ತಟ್ಟಿದರು. ಅದು ಮೇಲೇಳಲಿಲ್ಲ.

"ಇದೇ!"

"ನಾನೂ ಅಂದ್ಕಂಡೆ," ಎಂದ ಆ ಹುಡುಗ, ಕತ್ತು ತಿಕ್ಕಿಕೊಳ್ಳುತ್ತ. "ಹತ್ತಿ ಬೀಜ ಇಷ್ಟು ದಪ್ಪ ಇರ್ತಾವಾ ಅಂತ!"

ಸಿದ್ದೀಕಾ ಬ್ಲೇಡಿನಿಂದ ಹೊಲಿಗೆ ಬಿಡಿಸಿದಳು. ಹತ್ತಿಯ ನಡುವೆ ಬಟ್ಟೆಯ ಗಂಟು. ಅಲ್ಲೇ ಕೂತು ಎಣಿಸಿದಳು. ನೂರ ನಲವತ್ತೆರಡು. ಒಂದು ಪೈಸೆ ಕಡಿಮೆ ಇರಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಸೂರಪ್ಪ ಇಬ್ಬರಿಗೂ ಚಹಾ ತರಿಸಿದರು.

ಹರಿಹರಕ್ಕೆ ಬಂದು ಇಳಿದ ಕೂಡಲೇ ಮಸ್ತಾನಸಾಬರು ಹೊನ್ನಕ್ಕನ ಬಾಗಿಲು ತಟ್ಟಿದರು.

"ನಾಳೆ ಬ್ಯಾಂಕು ಎಷ್ಟೊತ್ತಿಗೆ ತೆಗೀತಾರಕ್ಕ?"

"ಹತ್ತೂವರೆಗೆ," ಎಂದರು ಹೊನ್ನಕ್ಕ. ಬೇರೇನೂ ಕೇಳಲಿಲ್ಲ. ಓಣಿಗೆಲ್ಲ ಆಗಲೇ ಸುದ್ದಿ ಗೊತ್ತಾಗಿತ್ತು.

ಸೋಮವಾರ ಸಿದ್ದೀಕಾ ತನ್ನ ಹುಟ್ಟಿದ ದಿನಾಂಕವಿದ್ದ ಶಾಲೆಯ ಪತ್ರ ಹಿಡಿದು ಅಪ್ಪನ ಜೊತೆ ಬ್ಯಾಂಕಿಗೆ ಬಂದಳು. ಅಲ್ಲೇ ಖಾತೆ ಇರುವ ಹೊನ್ನಕ್ಕ, ಹುಡುಗಿ ತಮಗೆ ಗೊತ್ತೆಂದು ಪರಿಚಯದ ಸಹಿ ಹಾಕಿದರು. ಐವತ್ತೈದು ಕೈಯಲ್ಲಿಟ್ಟುಕೊಂಡು ಉಳಿದ ಎಂಬತ್ತೇಳನ್ನು ಸಿದ್ದೀಕಾ ಕಟ್ಟಿದಳು. ಗುಮಾಸ್ತರು ಒಂದು ಕಾರ್ಡು ಮುಂದಿಟ್ಟರು. ಅದರಲ್ಲಿ ಎರಡು ಕಡೆ ಸಹಿ ಹಾಕಬೇಕು. ಆ ಕಾರ್ಡು ಬ್ಯಾಂಕಿನ ಕಪಾಟಿನಲ್ಲಿರುತ್ತದೆ. ಹಣ ತೆಗೆಯುವ ಚೀಟಿ ಬಂದಾಗಲೆಲ್ಲ ಅದರ ಸಹಿಯನ್ನು ಈ ಕಾರ್ಡಿನ ಸಹಿಯ ಜೊತೆ ಹೋಲಿಸಿ ನೋಡುತ್ತಾರೆ.

"ನಾನು ಸಹಿ ಹಾಕಿದ್ರೆ ದುಡ್ಡು ಕೊಡ್ತೀರೇನ್ರಿ?" ಎಂದು ಕೇಳಿದರು ಮಸ್ತಾನಸಾಬರು.

"ಇಲ್ಲ. ಖಾತೆ ಮಗಳದ್ದು."

"ಅಪ್ಪ ನಾನು!"

"ಅದಕ್ಕೇ ನಿಮಗೆ ಕೂಡಾಕ್ಕೆ ಕುರ್ಚಿ ಕೊಟ್ಟೀವಲ್ರಿ," ಎಂದರು ಗುಮಾಸ್ತರು. ಹೊನ್ನಕ್ಕ ಸೆರಗು ಬಾಯಿಗಿಟ್ಟು ನಕ್ಕರು.

ಹೊರಗೆ ಬಂದ ಮೇಲೆ ಹೊನ್ನಕ್ಕ ಸಿದ್ದೀಕಾಳಿಗೆ ಹೇಳಿದರು: "ನೋಡವ್ವ, ಬಡ್ಡಿ ವರ್ಷಕ್ಕೆ ನೂರಕ್ಕೆ ಐದು ರೂಪಾಯಿ. ಸಾಹುಕಾರ್ತಿ ಆಗ್ತೀಯ ಅಂತ ಸುಳ್ಳು ಹೇಳಲ್ಲ. ಆದ್ರೆ ಮೂಲ ಎಲ್ಲೂ ಹೋಗಲ್ಲ. ಐದು ರೂಪಾಯಿ ಯಾವಾಗ್ಲೂ ಖಾತ್ಯಾಗ ಬಿಟ್ಟಿರಬೇಕು. ಖಾಲಿ ಚೀಟಿಗೆ ಸಹಿ ಹಾಕಿ ಯಾರಿಗೂ ಕೊಡಬ್ಯಾಡ, ನನಗೂ ಕೊಡಬ್ಯಾಡ. ಕಟ್ಟಿದಾಗ, ತೆಗೆದಾಗ ಪಾಸ್‌ಬುಕ್ಕಿನಾಗ ಬರೆಸ್ಕಂಡು, ಓದಿ ನೋಡೇ ಅಲ್ಲಿಂದ ಎದ್ದು ಬಾ."

ಮಧ್ಯಾಹ್ನದ ಬಸ್ಸಿಗೆ ದಾವಣಗೆರೆಗೆ ಹೋಗಿ ಸಿದ್ದೀಕಾ ಶುಲ್ಕ ಕಟ್ಟಿದಳು. ಟೈಪಿಂಗ್ ಶಾಲೆಯ ಪಟ್ಟಿಯಲ್ಲಿ ಕೊನೆಯ ಹೆಸರು ಅವಳದು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹದಿನಾರು ವರ್ಷದವರ ಕೈಯಲ್ಲಿ ದುಡ್ಡಿದ್ದರೆ ಆಗುವುದು ಇಲ್ಲೂ ಆಯಿತು. ಆಗಸ್ಟಿನಲ್ಲಿ ಸಿದ್ದೀಕಾ ಹದಿನೆಂಟು ರೂಪಾಯಿ ತೆಗೆದು ಹಿಮ್ಮಡಿ ಎತ್ತರದ ಚಪ್ಪಲಿ ಕೊಂಡಳು. ಟಕಟಕ ಸದ್ದು ಓಣಿಯ ತುದಿಯಿಂದಲೇ ಕೇಳಿಸಿತು.

"ನಾನು ಹೇಳ್ಲಿಲ್ವಾ?" ಮಸ್ತಾನಸಾಬರು ಕೂಗಿದರು. "ತಾ ಇಲ್ಲಿ ಪಾಸ್‌ಬುಕ್ಕು! ಟ್ರಂಕಿನಾಗ ಇಟ್ಟು ಬೀಗ ಹಾಕ್ತೀನಿ."

ಕೂಗಿಗೆ ಹೊನ್ನಕ್ಕ ಓಡಿ ಬಂದರು. "ಸಾಬ್ರೆ, ಈಕಿ ಮೊದಲನೇ ಗವಸು ಸೊಟ್ಟ ಹೊಲಿದಾಗ ಸೂಜಿ ಕಸಗಂಡ್ರೇನು?"

"ಯಾಕ ಕಸಗಳ್ಳಿ? ಬಿಚ್ಚಿ ಮತ್ತೆ ಹೊಲಿ ಅಂದೆ."

"ಇದೂ ಹಂಗೇ. ಬೈಬ್ಯಾಡ್ರಿ. ಕುಂದ್ರಿಸಿ ಲೆಕ್ಕ ಕೇಳ್ರಿ."

ನಾಲ್ವರೂ ಪಾಸ್‌ಬುಕ್ಕಿನ ಸುತ್ತ ಕೂತರು. ಖಾತೆಯಲ್ಲಿ ಅರವತ್ತೊಂಬತ್ತು. ಬಿಟ್ಟಿರಬೇಕಾದ ಐದು ಕಳೆದರೆ ಅರವತ್ತನಾಲ್ಕು. ಸೆಪ್ಟೆಂಬರ್ ಕೊನೆಗೆ ಮುಂದಿನ ಮೂರು ತಿಂಗಳ ನಲವತ್ತೈದು, ಪರೀಕ್ಷೆಗೆ ಮೂವತ್ತು, ಒಟ್ಟು ಎಪ್ಪತ್ತೈದು ಬೇಕು. ಸಿದ್ದೀಕಾ ಎರಡು ಸಲ ಕಳೆದು ನೋಡಿದಳು. ಅವಳ ಮುಖ ಸಣ್ಣದಾಯಿತು.

"ಹನ್ನೊಂದು ಕಮ್ಮಿ ಐತೆ. ಚಪ್ಪಲಿ ತಗಳದಿದ್ರೆ ಏಳು ಉಳೀತಿತ್ತು."

ಯಾರೂ ಬೈಯಲಿಲ್ಲ. ಬೈಯುವ ಅಗತ್ಯವೂ ಇರಲಿಲ್ಲ. ಮಸ್ತಾನಸಾಬರು ಜೇಬಿಗೆ ಕೈ ಹಾಕಿದರು. ಮಳೆಗಾಲದಲ್ಲಿ ಹತ್ತಿ ತೇವ ಹಿಡಿಯುತ್ತದೆ, ಹಿಂಜಲು ಬರುವುದಿಲ್ಲ. ಹಾಗಾಗಿ ಜೇಬಿನಲ್ಲೂ ಹೆಚ್ಚೇನಿರಲಿಲ್ಲ.

"ಬ್ಯಾಡಪ್ಪ," ಎಂದಳು ಸಿದ್ದೀಕಾ. "ನಾನೇ ಕಳಕಂಡಿದ್ದು. ನಾನೇ ತರ್ತೀನಿ."

ಮರುದಿನದಿಂದ ಅವಳು ಮನೆಮನೆಗೆ ಹೋದಳು. ಹೊಸ ಗಾದಿ ಯಾರಿಗೂ ಬೇಡವಾಗಿತ್ತು. ಆದರೆ ಹರಿದ ಗವಸು ಯಾರ ಮನೆಯಲ್ಲಿಲ್ಲ? ಒಂದಕ್ಕೆ ಐವತ್ತು ಪೈಸೆಯಂತೆ ರಿಪೇರಿಗೆ ಹಿಡಿದಳು. ಟೈಪಿಂಗ್‌ನಿಂದ ಬಂದು ಸಂಜೆಯವರೆಗೆ ಹೊಲಿಗೆ. ಇಪ್ಪತ್ತೆರಡು ಗವಸು ಮುಗಿದ ದಿನ ಹನ್ನೊಂದು ರೂಪಾಯಿ ಒಯ್ದು ಖಾತೆಗೆ ಕಟ್ಟಿದಳು. ಗಡುವಿಗೆ ಇನ್ನೂ ನಾಲ್ಕು ದಿನವಿತ್ತು. ಆಮೇಲೂ ಕೆಲಸ ಬಿಡಲಿಲ್ಲ. ಪರೀಕ್ಷೆಯ ಹೊತ್ತಿಗೆ ಖಾತೆಯಲ್ಲಿ ಮತ್ತೆ ಮೂವತ್ತೊಂದು ರೂಪಾಯಿ ಇತ್ತು.

ಫಲಿತಾಂಶ ಬಂದ ದಿನ ಅವಳು ಬಸ್ ನಿಲ್ದಾಣದಿಂದಲೇ ಓಡಿ ಬಂದಳು.

"ಫಸ್ಟ್ ಕ್ಲಾಸ್! ಅಪ್ಪಾ, ಫಸ್ಟ್ ಕ್ಲಾಸ್!"

ಮಸ್ತಾನಸಾಬರು ಹತ್ತಿ ಮೆತ್ತಿದ ಕೈಯಲ್ಲೇ ಮಗಳ ತಲೆ ಸವರಿದರು. ಕೂದಲೆಲ್ಲ ಬೆಳ್ಳಗಾಯಿತು. ಓಣಿಯವರಿಗೆಲ್ಲ ಸಕ್ಕರೆ ಹಂಚಿದರು. ಯಾರೇ ಕೇಳಿದರೂ ಅವರದು ಒಂದೇ ಮಾತು: "ಶುಲ್ಕ ನಾನು ಕಟ್ಲಿಲ್ರಿ. ಅಷ್ಟೂ ಆಕಿನೇ ಕಟ್ಟಿದ್ದು. ಬೇಕಾದ್ರೆ ಪಾಸ್‌ಬುಕ್ಕು ನೋಡ್ರಿ!"

ಮಾರನೆಯ ಬೆಳಿಗ್ಗೆ ಹತ್ತಕ್ಕೇ ಸುಗ್ರಾಬಿ ಒಗೆದ ಸೀರೆ ಉಟ್ಟು ಹೊನ್ನಕ್ಕನ ಕಟ್ಟೆಯ ಮೇಲೆ ಕೂತಿದ್ದರು. ಸೊಂಟದಲ್ಲಿ ಒಂದು ಗಂಟು.

"ಎಲ್ಲಿಗೆ ಹೊಂಟ್ರಿ ಅಮ್ಮಾರೆ?"

"ಬ್ಯಾಂಕಿಗೆ. ಸಹಿ ಬರಲ್ಲ, ಹೆಬ್ಬೆಟ್ಟು ಒತ್ತಿದ್ರೆ ನಡೀತೈತಾ?"

"ನಡೀತೈತೆ. ನಿಮ್ಮದೊಂದು ಫೋಟೋ ಬೇಕು."

"ಫೋಟೋ ನಿನ್ನೇನೇ ತೆಗೆಸೀನಿ," ಎಂದರು ಸುಗ್ರಾಬಿ. "ನಡಿ, ಮೊಮ್ಮಗಳು ಮುಂದೆ ಹೋಗ್ಯಾಳೆ. ಚೀಟಿ ಆಕಿನೇ ತುಂಬ್ತಾಳಂತೆ."

ಓದುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಈ ವಯಸ್ಸಿನ ಮಕ್ಕಳಿದ್ದಾರೆ. ಹತ್ತು ವರ್ಷ ದಾಟಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. ಬ್ಯಾಂಕುಗಳಲ್ಲಿ ವಯಸ್ಸಿನ ನಿಯಮ ಒಂದೊಂದು ಕಡೆ ಒಂದೊಂದು ರೀತಿ. ಹತ್ತಿರದ ಶಾಖೆಗೆ ಹೋಗಿ ಕೇಳಿ. ಹುಟ್ಟಿದ ದಿನದ ದಾಖಲೆ ಒಯ್ಯಿರಿ, ಪರಿಚಯಕ್ಕೆ ಇನ್ನೇನು ಬೇಕೆಂದು ಮೊದಲೇ ಕೇಳಿಕೊಳ್ಳಿ. ಪಾಸ್‌ಬುಕ್ಕು ಮಕ್ಕಳ ಕೈಯಲ್ಲೇ ಇರಲಿ. ತಿಂಗಳಿಗೊಮ್ಮೆ ಜೊತೆಗೆ ಕೂತು ಓದಿ. ಅವರು ಒಂದು ಸಲ ತಪ್ಪು ಖರ್ಚು ಮಾಡಿಯೇ ಮಾಡುತ್ತಾರೆ. ಆಗ ಪಾಸ್‌ಬುಕ್ಕು ಕಸಿಯಬೇಡಿ, ಲೆಕ್ಕ ಕೇಳಿ. ಹದಿನೆಂಟು ರೂಪಾಯಿಯ ತಪ್ಪನ್ನು ಹದಿನಾರರಲ್ಲೇ ತಿದ್ದಿಕೊಂಡವರು ಮುಂದೆ ಸಾವಿರದ ತಪ್ಪು ಮಾಡುವ ಮೊದಲು ನಿಂತು ಯೋಚಿಸುತ್ತಾರೆ. ಈ ವಾರವೇ ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗಿ. ಸಹಿ ಅವರೇ ಹಾಕಲಿ, ನೀವು ಪಕ್ಕದಲ್ಲಿರಿ.